ವಕೀಲರ ಕೆಲಸವನ್ನು ಅಳೆಯುವ ಗೋಲು

ಕೋರ್ಟು-ಕಚೇರಿಗಳ ವಿಷಯದಲ್ಲಿ "ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆಯೊಂದು ನಮ್ಮಲ್ಲಿ ಬಳಕೆಯಲ್ಲಿದೆ. ಈ ಗಾದೆಯನ್ನು ಕಟ್ಟಿದ ಹಿರಿಯರು ಎರಡು ಬಗೆಯ ಜನರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ. ಆದರೆ ಮೂರನೆಯ ಬಗೆಯವನೊಬ್ಬನಿದ್ದಾನೆ. ಅವನ ಪಕ್ಷದಲ್ಲಿ ನ್ಯಾಯವಿತ್ತು, ಕಾಗದಪತ್ರಗಳಿದ್ದವು, ಸಾಕ್ಷಿಗಳೂ ಇದ್ದರು. ಆದರೆ ಮಾಡಬೇಕಾದ ಕೆಲಸವನ್ನು ಮಾಡಬೇಕಾದ ದಿನದೊಳಗೆ ಅವನ ವಕೀಲರು ಮಾಡಲಿಲ್ಲ. ಅವನು ಗೆಲ್ಲಲೂ ಇಲ್ಲ, ವಾದ ಮಾಡಿ ಸೋಲಲೂ ಇಲ್ಲ. ಅವನ ಮಾತನ್ನು ಯಾರೂ ಕೇಳಲೇ ಇಲ್ಲ. ಇಂಥವನು ಯಾರ ಬಳಿಗೆ ಹೋಗಬೇಕು? ವಕೀಲರು ತಪ್ಪಿದರೆಂಬುದನ್ನು ಹೇಗೆ ತೋರಿಸಿಕೊಡಬೇಕು? ವಕೀಲರ ಕೆಲಸವನ್ನು ಅಳೆಯುವ ಗೋಲು ಯಾವುದು, ಅದು ಯಾರ ಕೈಯಲ್ಲಿದೆ? ಈ ಪ್ರಶ್ನೆಗಳನ್ನು ನನ್ನ ಶಕ್ತ್ಯನುಸಾರ ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಈ ಪ್ರದೇಶ ೧೯೪೮ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಕೋರ್ಟಿನ ಭಾಷೆ ಉರ್ದು. ಜನರ ಭಾಷೆ ಕನ್ನಡ. ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದೆವು. ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ವಕೀಲ, ವಕಾಲತ್ತು, ದಾವೆ, ತಕರಾರು, ರಾಜಿ ಮುಂತಾದ ಶಬ್ದಗಳು ಹಳ್ಳಿಯ ಮುದುಕರ ಬಾಯಲ್ಲಿಯೂ ಸಲೀಸಾಗಿ ಆಡುತ್ತವೆ. ಆದರೆ ಆ ಶಬ್ದಗಳ ಹಿಂದಿನ ವ್ಯವಹಾರ ಮಾತ್ರ ಕಾಗದದಲ್ಲಿಯೇ ಉಳಿದಿದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಗಂಗಾವತಿಯ ಕಡೆ ಭೂಮಿಯ ಬೆಲೆ ಏರಿತು. ಬೆಲೆ ಏರಿದಲ್ಲಿ ವ್ಯಾಜ್ಯವೂ ಏರುವುದು ಸಹಜ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಲ್ಲಿಯೂ ಪಾಲು, ಬದು, ಬಾವಿಗಳ ತಂಟೆಗಳಿಗೆ ಕೊರತೆಯಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಓಣಿಯವರಿಗೆ ಬಂದ ನೋಟೀಸುಗಳೆಲ್ಲ ಮೊದಲು ನನ್ನ ಕೈಗೆ ಬರುತ್ತವೆ. ನಮ್ಮ ದೊಡ್ಡಪ್ಪನವರ ಎರಡು ಎಕರೆ ಹೊಲದ ದಾವೆಯೊಂದು ಕೆಳಗಿನ ಕೋರ್ಟಿನಲ್ಲಿ ಬಿದ್ದುಹೋಯಿತು. ಜಿಲ್ಲಾ ಕೋರ್ಟಿಗೆ ಅಪೀಲು ಹೋಗಲು ಕಾನೂನು ಕೊಟ್ಟ ಅವಧಿ ೩೦ ದಿನ. ಫೀಜು ಕೊಟ್ಟಾಗಿತ್ತು, ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಯಾಗಿತ್ತು. ಅಪೀಲು ಮಾತ್ರ ಒಂದೂವರೆ ವರ್ಷದ ಮೇಲೆ ದಾಖಲಾಯಿತು. ವಿಳಂಬಕ್ಕೆ ಸರಿಯಾದ ಕಾರಣವಿಲ್ಲವೆಂದು ತಿರಸ್ಕೃತವಾಯಿತು. ದೊಡ್ಡಪ್ಪನವರು ಯಾರನ್ನೂ ಬಯ್ಯಲಿಲ್ಲ. "ಅವರು ಮಾಡಿದ್ದು ತಪ್ಪು ಅಂತ ಹೇಳಾವ್ರು ಯಾರಪಾ? ನಾವು ಹೇಳಿದ್ರ ನಡೀತದೇನು?" ಎಂದು ಮಾತ್ರ ಕೇಳಿದರು. ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ನನಗೆ ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕಾನೂನಿನ ಪುಸ್ತಕಗಳನ್ನು ತಿರುವಿಹಾಕಿದ ಮೇಲೆ, ಅವರು ಕೇಳಿದ್ದು ಬಹಳ ದೊಡ್ಡ ಪ್ರಶ್ನೆಯೆಂದು ತಿಳಿಯಿತು.

ತಜ್ಞ ಸಾಕ್ಷಿ ಎಂದರೆ ಯಾರು?

ಸಾಮಾನ್ಯ ಸಾಕ್ಷಿಯಾದವನು ತಾನು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಹೇಳಬೇಕು. "ನನಗೆ ಹೀಗೆ ಅನ್ನಿಸುತ್ತದೆ" ಎಂಬ ಅವನ ಅಭಿಪ್ರಾಯ ಕೋರ್ಟಿಗೆ ಬೇಕಾಗಿಲ್ಲ. ಈ ನಿಯಮಕ್ಕೆ ತಜ್ಞ ಸಾಕ್ಷಿಯೇ ಒಂದು ದೊಡ್ಡ ಅಪವಾದ. ನ್ಯಾಯಾಧೀಶರಿಗೆ ಸ್ವತಃ ತಿಳಿಯದಂಥ ವಿಷಯ ಬಂದಾಗ, ಆ ವಿಷಯದಲ್ಲಿ ವಿಶೇಷ ಪರಿಶ್ರಮವುಳ್ಳವನ ಅಭಿಪ್ರಾಯವನ್ನು ಕೇಳಬಹುದು. ೧೮೭೨ರ ಭಾರತೀಯ ಸಾಕ್ಷ್ಯ ಕಾಯಿದೆಯ ೪೫ನೆಯ ಕಲಮು ಇದಕ್ಕೆ ಅವಕಾಶ ಕೊಟ್ಟಿತ್ತು. ವಿದೇಶದ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಿನ ಗುರುತು ಇವು ಅದರಲ್ಲಿ ಹೇಳಿದ್ದ ವಿಷಯಗಳು. ಖರೀದಿ ಪತ್ರದ ಮೇಲಿನ ಹೆಬ್ಬೆಟ್ಟು ನಮ್ಮ ಅಜ್ಜನದೋ ಅಲ್ಲವೋ ಎಂದು ಪರೀಕ್ಷಿಸಿ ಹೇಳುವವನು ನಮ್ಮ ಕಡೆಯವರಿಗೆ ಗೊತ್ತಿರುವ ತಜ್ಞ. ೨೦೨೪ರ ಜುಲೈ ೧ರಿಂದ ಆ ಹಳೆಯ ಕಾಯಿದೆಯ ಸ್ಥಾನದಲ್ಲಿ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಇದರ ೩೯ನೆಯ ಕಲಮಿನಲ್ಲಿ ಹಳೆಯ ಪಟ್ಟಿಯ ಜೊತೆಗೆ "ಬೇರೆ ಯಾವುದೇ ಕ್ಷೇತ್ರ" ಎಂಬರ್ಥದ ಮಾತುಗಳು ಸೇರಿವೆ. ಮಾತು ಸಣ್ಣದು, ಬಾಗಿಲು ಮಾತ್ರ ಅಗಲವಾದದ್ದು.

ತಜ್ಞನ ಮಾತೇ ತೀರ್ಪಲ್ಲ. ಅವನು ತನ್ನ ಅಭಿಪ್ರಾಯದ ಜೊತೆಗೆ ಕಾರಣಗಳನ್ನೂ ಕೊಡಬೇಕು. ಎದುರಾಳಿಯ ಪಾಟೀಸವಾಲಿಗೆ ಉತ್ತರ ಹೇಳಬೇಕು. ಆ ಕಾರಣಗಳನ್ನು ತೂಗಿ ನೋಡಿ ನಿರ್ಣಯ ಮಾಡುವವರು ನ್ಯಾಯಾಧೀಶರೇ. ೨೦೦೯ರಲ್ಲಿ ರೀಜೆನ್ಸಿ ಆಸ್ಪತ್ರೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಸ್ಪಷ್ಟಪಡಿಸಿದೆ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಭಾರತದ ಕಾನೂನು ಏನು ಹೇಳುತ್ತದೆ ಎಂದು ತಿಳಿಸಲು ನಮ್ಮ ಕೋರ್ಟುಗಳಲ್ಲಿ ತಜ್ಞ ಬೇಕಾಗಿಲ್ಲ, ಏಕೆಂದರೆ ನ್ಯಾಯಾಧೀಶರೇ ಅದರಲ್ಲಿ ತಜ್ಞರು. ಹಾಗಾದರೆ ವಕೀಲರ ಅಲಕ್ಷ್ಯದ ದಾವೆಯಲ್ಲಿ ಇನ್ನೊಬ್ಬ ವಕೀಲರು ಬಂದು ಹೇಳುವುದೇನು ಉಳಿಯಿತು? ಕಾನೂನು ಬೇರೆ, ಕಾನೂನಿನ ಕಸಬು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಕಿನ್ನಾಳದ ಚಿತ್ರಗಾರರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೊಂಡು ತಂದ ಕಟ್ಟಿಗೆಯ ಬೊಂಬೆಯೊಂದು ವರ್ಷದೊಳಗೆ ಬಿರುಕು ಬಿಟ್ಟಿತು. ಬೊಂಬೆ ಒಡೆದದ್ದು ಎಲ್ಲರಿಗೂ ಕಾಣುತ್ತದೆ. ಆದರೆ ಮರ ಒಣಗುವ ಮೊದಲೇ ಕೆತ್ತಿದ್ದರಿಂದ ಒಡೆಯಿತೋ, ಕೊಂಡವನು ಬಿಸಿಲಿನಲ್ಲಿ ಇಟ್ಟಿದ್ದರಿಂದ ಒಡೆಯಿತೋ ಎಂದು ಹೇಳಬಲ್ಲವನು ಅದೇ ಕಸಬಿನ ಇನ್ನೊಬ್ಬ ಕಲಾವಿದ. ಹಾಗೆಯೇ, ಎಚ್ಚರವುಳ್ಳ ಸಾಧಾರಣ ವಕೀಲರೊಬ್ಬರು ಇಂಥ ಸಂದರ್ಭದಲ್ಲಿ ಯಾವ ಕಾಗದಗಳನ್ನು ನೋಡುತ್ತಿದ್ದರು, ಯಾವ ಅರ್ಜಿಯನ್ನು ಹಾಕುತ್ತಿದ್ದರು ಎಂಬುದು ಕಸಬಿನ ಪ್ರಶ್ನೆ. ತಜ್ಞ ಸಾಕ್ಷಿಗೆ ಸ್ಥಳವಿರುವುದು ಇಲ್ಲಿಯೇ.

ವಕೀಲರಿಂದ ನಾವು ಏನನ್ನು ನಿರೀಕ್ಷಿಸಬಹುದು?

ಗೆಲ್ಲಿಸಿಯೇ ಕೊಡುತ್ತೇನೆಂದು ಯಾವ ವಕೀಲರೂ ಮಾತು ಕೊಡಲಾರರು, ಕೊಡಬಾರದು ಸಹ. ವೈದ್ಯರು ರೋಗ ವಾಸಿಯಾಗುವುದಕ್ಕೆ ಹೊಣೆಯಲ್ಲ, ಚಿಕಿತ್ಸೆ ಸರಿಯಾಗಿರುವುದಕ್ಕೆ ಹೊಣೆ. ವಕೀಲರ ಸ್ಥಿತಿಯೂ ಹೀಗೆಯೇ. ಈ ತತ್ತ್ವವನ್ನು ಸುಪ್ರೀಂ ಕೋರ್ಟು ೨೦೧೨ರಲ್ಲಿ ಸಿ.ಬಿ.ಐ. ವಿರುದ್ಧ ನಾರಾಯಣ ರಾವ್ ಎಂಬ ಮೊಕದ್ದಮೆಯಲ್ಲಿ ವಿವರಿಸಿದೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿ, ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಹೈದರಾಬಾದ್ ಶಾಖೆಯೊಂದರಲ್ಲಿ ಮನೆಸಾಲಗಳ ವಂಚನೆ ನಡೆದಿತ್ತು. ಆಸ್ತಿಗಳ ಹಕ್ಕುಪತ್ರಗಳನ್ನು ನೋಡಿ ಅಭಿಪ್ರಾಯ ಬರೆದುಕೊಟ್ಟಿದ್ದ ಬ್ಯಾಂಕಿನ ವಕೀಲರನ್ನೂ ಆರೋಪಿಗಳ ಸಾಲಿನಲ್ಲಿ ಸೇರಿಸಲಾಗಿತ್ತು. ವಂಚಕರೊಡನೆ ಅವರು ಕೈಗೂಡಿಸಿದ್ದರೆಂಬುದಕ್ಕೆ ಆಧಾರವಿಲ್ಲದೆ, ಅಭಿಪ್ರಾಯ ತಪ್ಪಾಯಿತೆಂಬ ಒಂದೇ ಕಾರಣದಿಂದ ಅವರನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಲಾಗದೆಂದು ಕೋರ್ಟು ಹೇಳಿತು. ವೃತ್ತಿನಿರತನೊಬ್ಬ ಅಲಕ್ಷ್ಯದ ಹೊಣೆಗಾರನಾಗುವುದು ಎರಡು ಸಂದರ್ಭಗಳಲ್ಲಿ: ಅವನಲ್ಲಿ ಇರಬೇಕಾದ ಕೌಶಲ್ಯವೇ ಇರಲಿಲ್ಲ, ಅಥವಾ ಇದ್ದ ಕೌಶಲ್ಯವನ್ನು ತಕ್ಕ ಎಚ್ಚರದಿಂದ ಉಪಯೋಗಿಸಲಿಲ್ಲ. ಹೀಗೆಂದು ವೈದ್ಯರ ವಿಷಯದಲ್ಲಿ ೨೦೦೫ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದ್ದ ಮಾತನ್ನು ವಕೀಲರಿಗೂ ಅನ್ವಯಿಸಿತು.

ಇದೇ ಆ ಗೋಲು. ಅತ್ಯಂತ ಮೇಧಾವಿಯಾದ ವಕೀಲರ ಎತ್ತರವನ್ನು ಇದು ಕೇಳುವುದಿಲ್ಲ; ಆ ಕಸಬಿನ ಸಾಧಾರಣ ಎಚ್ಚರವನ್ನು ಮಾತ್ರ ಕೇಳುತ್ತದೆ.

ನೊಂದವನ ಮುಂದಿನ ಬಾಗಿಲುಗಳು

ಮೊದಲನೆಯದಾಗಿ, ಆದ ಹಾನಿಯನ್ನೇ ಸರಿಪಡಿಸಲು ಸಾಧ್ಯವೇ ಎಂದು ನೋಡಬೇಕು. ೧೯೮೧ರ ರಫೀಕ್ ವಿರುದ್ಧ ಮುನ್ಷಿಲಾಲ್ ಮೊಕದ್ದಮೆಯಲ್ಲಿ ವಕೀಲರು ಹಾಜರಾಗದ್ದರಿಂದ ಅಪೀಲು ವಜಾ ಆಗಿತ್ತು. ವಕೀಲರನ್ನು ನೇಮಿಸಿ, ಫೀಜು ಕೊಟ್ಟು, ನಂಬಿ ಊರಿಗೆ ಮರಳಿದ ಹಳ್ಳಿಗ ಅವರ ತಪ್ಪಿಗಾಗಿ ಶಿಕ್ಷೆ ಅನುಭವಿಸಬಾರದೆಂದು ಸುಪ್ರೀಂ ಕೋರ್ಟು ಅಪೀಲಿಗೆ ಮರುಜೀವ ಕೊಟ್ಟಿತು. ಆದರೆ ಇದು ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುವ ನಿಯಮವಲ್ಲವೆಂದು ೧೯೯೩ರ ಸಲಿಲ್ ದತ್ತ ಮೊಕದ್ದಮೆಯಲ್ಲಿ ಅದೇ ಕೋರ್ಟು ಹೇಳಿತು. ಓದುಬರಹ ಬಲ್ಲ ಪಟ್ಟಣದ ಕಕ್ಷಿಗಾರ ಕೈಕಟ್ಟಿ ಕುಳಿತು ಆಮೇಲೆ ವಕೀಲರ ಮೇಲೆ ತಪ್ಪು ಹೊರಿಸಿದರೆ ನಡೆಯದು.

ಎರಡನೆಯದು ವಕೀಲರ ಪರಿಷತ್ತಿನ ಬಾಗಿಲು. ೧೯೬೧ರ ವಕೀಲರ ಕಾಯಿದೆಯ ೩೫ನೆಯ ಕಲಮಿನಂತೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತಿನ ಶಿಸ್ತು ಸಮಿತಿಯಲ್ಲಿ ಮೂವರಿರುತ್ತಾರೆ, ಮೂವರೂ ವಕೀಲರೇ. ಆದ್ದರಿಂದ ಇಲ್ಲಿ ಬೇರೆ ತಜ್ಞರನ್ನು ಕರೆಯಬೇಕಾದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ತಜ್ಞರೇ ಪೀಠದ ಮೇಲೆ ಕುಳಿತಿರುತ್ತಾರೆ. ಅವರು ಎಚ್ಚರಿಕೆ ಕೊಡಬಹುದು, ಕೆಲವು ಕಾಲ ವಕೀಲಿಯಿಂದ ದೂರವಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಆದರೆ ಎರಡು ಮಾತು ನೆನಪಿಡಬೇಕು. ಹೋದ ಹೊಲಕ್ಕೆ ಪರಿಹಾರವನ್ನು ಈ ಸಮಿತಿ ಕೊಡಿಸುವುದಿಲ್ಲ. ಅಲ್ಲದೆ, ದುರ್ಬುದ್ಧಿಯಿಲ್ಲದ ಬರಿಯ ಅಲಕ್ಷ್ಯವು ವೃತ್ತಿಯ ದುರ್ನಡತೆಯಲ್ಲ ಎಂದು ಸುಪ್ರೀಂ ಕೋರ್ಟು ೧೯೬೩ರಲ್ಲಿ "ಪಿ" ಎಂಬ ವಕೀಲರ ಮೊಕದ್ದಮೆಯಲ್ಲಿಯೂ, ೧೯೯೭ರಲ್ಲಿ ಕುಮಾರವೇಲು ಮೊಕದ್ದಮೆಯಲ್ಲಿಯೂ ಹೇಳಿದೆ. ಹಣ ನುಂಗಿದವರು, ಎದುರಾಳಿಯೊಡನೆ ಒಳಸಂಚು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮರೆತವರು ಹಲವು ಸಲ ಸಿಕ್ಕಿಬೀಳುವುದಿಲ್ಲ.

ಮೂರನೆಯದು ಗ್ರಾಹಕರ ನ್ಯಾಯಾಲಯದ ಬಾಗಿಲು. ವಕೀಲರ ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರ ವೇದಿಕೆಗೆ ಹೋಗಬಹುದೆಂದು ರಾಷ್ಟ್ರೀಯ ಗ್ರಾಹಕ ಆಯೋಗ ೨೦೦೭ರಲ್ಲಿ ಹೇಳಿತ್ತು. ೨೦೨೪ರ ಮೇ ೧೪ರಂದು ಸುಪ್ರೀಂ ಕೋರ್ಟು ಬಾರ್ ಆಫ್ ಇಂಡಿಯನ್ ಲಾಯರ್ಸ್ ವಿರುದ್ಧ ಡಿ. ಕೆ. ಗಾಂಧಿ ಮೊಕದ್ದಮೆಯಲ್ಲಿ ಆ ಬಾಗಿಲನ್ನು ಮುಚ್ಚಿತು. ವಕೀಲರು ಕಕ್ಷಿಗಾರನ ಹತೋಟಿಯಲ್ಲಿ, ಅವನ ಅಪ್ಪಣೆಯಂತೆ ಮಾಡುವ ಕೆಲಸ ವೈಯಕ್ತಿಕ ಸೇವೆಯ ಒಪ್ಪಂದಕ್ಕೆ ಸೇರಿದ್ದು. ಅದು ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬಾರದು ಎಂಬುದು ತೀರ್ಪಿನ ಸಾರ.

ಉಳಿದದ್ದು ಸಿವಿಲ್ ಕೋರ್ಟಿನ ಬಾಗಿಲು. ಇದು ಹಳೆಯದು, ಇನ್ನೂ ತೆರೆದಿದೆ. ವಕೀಲರೆಂಬ ಒಂದೇ ಕಾರಣದಿಂದ ಯಾರೂ ಅಲಕ್ಷ್ಯದ ದಾವೆಯಿಂದ ತಪ್ಪಿಸಿಕೊಳ್ಳಲಾಗದೆಂದು ೧೯೨೬ರ ಲೀಗಲ್ ಪ್ರಾಕ್ಟೀಷನರ್ಸ್ (ಫೀಸ್) ಕಾಯಿದೆಯ ೫ನೆಯ ಕಲಮು ಹೇಳುತ್ತದೆ. ಈ ವಿಷಯದಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದು ಪ್ರಸಿದ್ಧವಾಗಿದೆ. ಅದು ೧೯೮೮ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ವೀರಪ್ಪ ವಿರುದ್ಧ ಎವೆಲಿನ್ ಸಿಕ್ವೇರಾ ಮೊಕದ್ದಮೆ. ವಕೀಲರ ಅಲಕ್ಷ್ಯದಿಂದ ತನಗೆ ನಷ್ಟವಾಯಿತೆಂದು ಕಕ್ಷಿಗಾರನೊಬ್ಬ ದಾವೆ ಹೂಡಿದ್ದ. ದಾವೆ ನಡೆಯುತ್ತಿರುವಾಗಲೇ ತೀರಿಕೊಂಡ. ಅವನ ವಾರಸುದಾರರು ಅದನ್ನು ಮುಂದುವರಿಸಬಹುದೇ ಎಂಬುದು ಪ್ರಶ್ನೆ. ಅಲಕ್ಷ್ಯಕ್ಕೆ ವಕೀಲರು ಹೊಣೆಗಾರರೇ ಎಂಬುದನ್ನು ಕೋರ್ಟು ಒಪ್ಪಿತು. ದಾವೆಯು ವೈಯಕ್ತಿಕ ಅಪಕೃತ್ಯದ ಮೇಲೆ ನಿಂತಿದ್ದರೆ ಅದು ಸತ್ತವನೊಡನೆ ಮುಗಿಯುತ್ತದೆ; ವಕೀಲರೊಡನೆ ಆದ ಒಪ್ಪಂದದ ಮೇಲೆ ನಿಂತಿದ್ದರೆ ವಾರಸುದಾರರಿಗೆ ಬರುತ್ತದೆ; ಯಾವುದೆಂಬುದನ್ನು ವಿಚಾರಣೆಯಲ್ಲಿ ನೋಡಬೇಕು ಎಂದು ನಿರ್ಣಯವಾಯಿತು. ಅಪ್ಪನ ಕಾಲದಲ್ಲಿ ಹೂಡಿದ ದಾವೆ ಮಗನ ಕಾಲದಲ್ಲಿ ಮುಗಿಯುವ ನಮ್ಮ ನಾಡಿನಲ್ಲಿ ಇದು ಎಷ್ಟು ಮುಖ್ಯವಾದ ಮಾತೆಂದು ಹೇಳಬೇಕಾಗಿಲ್ಲ.

ಸಿವಿಲ್ ಕೋರ್ಟಿಗೆ ಹೋದವನು ಮೂರನ್ನು ತೋರಿಸಬೇಕು: ವಕೀಲರಿಗೆ ತನ್ನ ವಿಷಯದಲ್ಲಿ ಕರ್ತವ್ಯವಿತ್ತು, ಅವರು ಅದನ್ನು ತಪ್ಪಿದರು, ಆ ತಪ್ಪಿನಿಂದಲೇ ತನಗೆ ನಷ್ಟವಾಯಿತು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಅಪೀಲು ಸಕಾಲಕ್ಕೆ ಹೋಗಿದ್ದರೆ ತಾನು ಗೆಲ್ಲುವ ಸಂಭವವಿತ್ತೆಂದು ತೋರಿಸಬೇಕಾಗುತ್ತದೆ. ಎಂದರೆ ಒಂದು ದಾವೆಯ ಹೊಟ್ಟೆಯಲ್ಲಿ ಇನ್ನೊಂದು ದಾವೆಯನ್ನು ನಡೆಸಿದಂತೆ.

ತಜ್ಞ ಬೇಕಾದ ತಪ್ಪು, ಬೇಡವಾದ ತಪ್ಪು

ಎಲ್ಲ ತಪ್ಪುಗಳಿಗೂ ತಜ್ಞ ಬೇಕೇ? ಬೇಡ. ವೈದ್ಯರ ವಿಷಯದಲ್ಲಿ ೨೦೧೦ರ ಕಿಶನ್ ರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಿವೇಕವನ್ನು ತೋರಿಸಿದೆ. ಸಂಗತಿಯೇ ತನ್ನ ಕಥೆಯನ್ನು ಹೇಳುತ್ತಿರುವಾಗ ತಜ್ಞರ ಅಭಿಪ್ರಾಯವನ್ನು ಕಡ್ಡಾಯಮಾಡಬಾರದು. ಜಟಿಲವಾದ ವಿಷಯಗಳಲ್ಲಿ ಮಾತ್ರ ಅದು ಬೇಕು. ವಕೀಲರ ಕೆಲಸಕ್ಕೂ ಇದೇ ವಿವೇಕವನ್ನು ಹಚ್ಚಿ ನೋಡಬಹುದು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಂದೊಂದರಂತೆ ನಾಲ್ಕು ಕಲ್ಪಿತ ಉದಾಹರಣೆಗಳನ್ನು ಕೊಡುತ್ತೇನೆ.

ಕೊಪ್ಪಳದ ರೈತನೊಬ್ಬನ ಅಪೀಲು ೩೦ ದಿನದಲ್ಲಿ ಹೋಗಬೇಕಾಗಿತ್ತು, ಹೋಗಲಿಲ್ಲ. ಫೀಜು ಕೊಟ್ಟ ರಸೀದಿಯ ತಾರೀಖು, ಅಪೀಲು ದಾಖಲಾದ ತಾರೀಖು ಇವೆರಡನ್ನು ಎದುರುಬದುರು ಇಟ್ಟರೆ ಸಾಕು. ಇಲ್ಲಿ ಬೇಕಾದದ್ದು ಪಂಚಾಂಗ, ತಜ್ಞನಲ್ಲ.

ಯಲಬುರ್ಗಾದ ವಿಧವೆಯೊಬ್ಬಳ ಪರವಾಗಿ, ಅವಳನ್ನು ಕೇಳದೆಯೇ ರಾಜಿ ಮಾಡಿಕೊಳ್ಳಲಾಯಿತು. ಕಕ್ಷಿಗಾರನ ಸೂಚನೆಯಿಲ್ಲದೆ ವಕೀಲರು ಅವನ ಹಕ್ಕನ್ನು ಬಿಟ್ಟುಕೊಡಲಾಗದೆಂದು ೨೦೧೫ರಲ್ಲಿ ಹಿಮಾಲಯನ್ ಗೃಹನಿರ್ಮಾಣ ಸಹಕಾರಿ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅವಳು ಒಪ್ಪಿದ್ದಳೇ ಇಲ್ಲವೇ ಎಂಬುದು ಸಂಗತಿಯ ಪ್ರಶ್ನೆ. ಇಲ್ಲಿಯೂ ತಜ್ಞ ಬೇಡ.

ಗಂಗಾವತಿಯಲ್ಲಿ ಒಬ್ಬನು ವಕೀಲರ ಅಭಿಪ್ರಾಯ ಪಡೆದು ನೀರಾವರಿ ಭೂಮಿಯನ್ನು ಕೊಂಡನು. ಪಹಣಿ ಸರಿಯಾಗಿತ್ತು, ನೋಂದಣಿ ಕಚೇರಿಯ ಋಣಭಾರ ಪತ್ರವೂ ಸರಿಯಾಗಿತ್ತು. ಆಮೇಲೆ ನೋಡಿದರೆ ಆ ಭೂಮಿ ಹಿಂದೆ ಸರ್ಕಾರದಿಂದ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರಾದದ್ದು. ೧೯೭೮ರ ಕರ್ನಾಟಕದ ಕಾಯಿದೆಯಂತೆ ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದು ಊರ್ಜಿತವಲ್ಲ. ಎಚ್ಚರವುಳ್ಳ ವಕೀಲರು ಮಂಜೂರಾತಿಯ ಮೂಲ ಆದೇಶದವರೆಗೆ ಹಿಂದಕ್ಕೆ ಹೋಗಿ ನೋಡುತ್ತಿದ್ದರೇ? ಎಷ್ಟು ವರ್ಷ ಹಿಂದಕ್ಕೆ ನೋಡುವುದು ವಾಡಿಕೆ? ಇದು ಕಸಬಿನ ಒಳಗಿನ ಮಾತು. ಇಂಥಲ್ಲಿ ಅನುಭವಿ ವಕೀಲರೊಬ್ಬರ ಸಾಕ್ಷ್ಯ ನಿಜವಾಗಿ ದಾರಿ ತೋರಿಸುತ್ತದೆ.

ಕುಷ್ಟಗಿಯ ದಾವೆಯೊಂದರಲ್ಲಿ ಎದುರಾಳಿಯ ಮುಖ್ಯ ಸಾಕ್ಷಿಗೆ ವಕೀಲರು ಎರಡೇ ಪ್ರಶ್ನೆ ಕೇಳಿ ಕುಳಿತುಬಿಟ್ಟರು. ಕಕ್ಷಿಗಾರನಿಗೆ ಸಿಟ್ಟು ಬಂತು. ಆದರೆ ಹೆಚ್ಚು ಕೇಳಿದ್ದರೆ ಆ ಸಾಕ್ಷಿ ಇನ್ನಷ್ಟು ಕೆಡಿಸುತ್ತಿದ್ದನೇನೋ! ಇಂಥ ಕಡೆ ಇಬ್ಬರು ಒಳ್ಳೆಯ ವಕೀಲರು ಎರಡು ರೀತಿ ನಡೆಯಬಹುದು. ಇದು ವಿವೇಚನೆಗೆ ಬಿಟ್ಟದ್ದು. ಇಲ್ಲಿ ತಜ್ಞ ಬೇಕು. ಬಹುಮಟ್ಟಿಗೆ ಆ ತಜ್ಞನ ಮಾತು ವಕೀಲರನ್ನು ಕಾಪಾಡಲೆಂದೇ ಬೇಕು. ತಜ್ಞ ಸಾಕ್ಷ್ಯವೆಂದರೆ ವಕೀಲರ ಮೇಲೆ ಎತ್ತಿದ ದೊಣ್ಣೆಯೆಂದು ತಿಳಿಯಬಾರದು. ಸೋತವನ ಸಿಟ್ಟಿನಿಂದ ಪ್ರಾಮಾಣಿಕ ವಕೀಲರನ್ನು ಉಳಿಸುವುದೂ ಅದೇ.

ಹೊರಗಿನವರ ಅನುಭವ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ವಕೀಲರ ಅಲಕ್ಷ್ಯದ ದಾವೆ ಹೂಡಿದವನು ಇನ್ನೊಬ್ಬ ವಕೀಲರನ್ನು ತಜ್ಞ ಸಾಕ್ಷಿಯಾಗಿ ತರಲೇಬೇಕು. ಸಾಮಾನ್ಯ ಮನುಷ್ಯನಿಗೂ ಕಾಣುವಷ್ಟು ಸ್ಪಷ್ಟವಾದ ತಪ್ಪಿಗೆ ಮಾತ್ರ ವಿನಾಯಿತಿಯುಂಟು. ಇಂಗ್ಲೆಂಡಿನವರು ಬೇರೆ ದಾರಿ ಹಿಡಿದಿದ್ದಾರೆ. ೧೯೭೯ರ ಕಾನೂನು ವರದಿಯಲ್ಲಿ ಅಚ್ಚಾದ ಮಿಡ್‌ಲ್ಯಾಂಡ್ ಬ್ಯಾಂಕ್ ಟ್ರಸ್ಟ್ ಮೊಕದ್ದಮೆಯ ಕಥೆ ನಮ್ಮ ಹಳ್ಳಿಯದೇ ಎನ್ನುವಂತಿದೆ. ತಂದೆಯೊಬ್ಬ ತನ್ನ ಹೊಲವನ್ನು ಕೊಳ್ಳುವ ಹಕ್ಕನ್ನು ೧೯೬೧ರಲ್ಲಿ ಮಗನಿಗೆ ಬರೆದುಕೊಟ್ಟ. ವಕೀಲರು ಆ ಹಕ್ಕನ್ನು ನೋಂದಣಿ ಮಾಡಿಸಲು ಮರೆತರು. ೧೯೬೭ರಲ್ಲಿ ತಂದೆ ಅದೇ ಹೊಲವನ್ನು ೫೦೦ ಪೌಂಡಿಗೆ ಹೆಂಡತಿಗೆ ಮಾರಿಬಿಟ್ಟ. ಮಗನ ಹಕ್ಕು ಗಾಳಿಗೆ ಹೋಯಿತು. ವಿಚಾರಣೆಯಲ್ಲಿ ಬೇರೆ ವಕೀಲರು ಬಂದು ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ಹೇಳಿದರು. ಅಂಥ ಮಾತಿನಿಂದ ಕೋರ್ಟಿಗೆ ಹೆಚ್ಚಿನ ಸಹಾಯವಿಲ್ಲ, ವೃತ್ತಿಯಲ್ಲಿ ನೆಲೆನಿಂತ ವಾಡಿಕೆಯೊಂದಿದ್ದರೆ ಅದನ್ನು ಹೇಳಲಿ, ಉಳಿದದ್ದನ್ನು ಕೋರ್ಟೇ ನಿರ್ಣಯಿಸುತ್ತದೆ ಎಂದರು ನ್ಯಾಯಾಧೀಶ ಆಲಿವರ್. ವಕೀಲರು ಹೊಣೆಗಾರರಾದರು.

ವಾಡಿಕೆಯನ್ನು ಪಾಲಿಸಿದರೂ ತಪ್ಪಾಗಬಹುದೇ? ಆಗಬಹುದು. ಹಾಂಗ್‌ಕಾಂಗಿನಲ್ಲಿ ಕೊಳ್ಳುವವನ ವಕೀಲರು ಪತ್ರಗಳು ಕೈಗೆ ಬರುವ ಮೊದಲೇ ಹಣವನ್ನು ಮಾರುವವನ ವಕೀಲರಿಗೆ ಕೊಟ್ಟುಬಿಡುವ ರೂಢಿಯಿತ್ತು. ಒಮ್ಮೆ ಆ ವಕೀಲರು ಹಣದೊಡನೆ ಓಡಿಹೋದರು. ಎಲ್ಲರೂ ಹೀಗೆಯೇ ಮಾಡುತ್ತಾರೆಂಬ ಸಮಾಧಾನವನ್ನು ಪ್ರಿವಿ ಕೌನ್ಸಿಲು ಒಪ್ಪಲಿಲ್ಲ. ಅಪಾಯ ಕಣ್ಣಿಗೆ ಕಾಣುವಂತಿತ್ತು, ತಪ್ಪಿಸುವುದೂ ಸುಲಭವಿತ್ತು. ಆದ್ದರಿಂದ ಎಲ್ಲರೂ ಮಾಡುವುದೇ ಅಲಕ್ಷ್ಯವೆಂದು ಅದು ತೀರ್ಮಾನಿಸಿತು. ಗೋಲನ್ನು ಹಿಡಿದವರು ಕಸಬಿನವರೇ ಆದರೂ, ಗೋಲು ನೆಟ್ಟಗಿದೆಯೇ ಎಂದು ನೋಡುವ ಅಧಿಕಾರ ಕೋರ್ಟಿಗೆ ಉಳಿದಿದೆಯೆಂದು ಇದರಿಂದ ತಿಳಿಯುತ್ತದೆ.

ಸಾಕ್ಷಿ ಹೇಳುವವರು ಯಾರು?

ಕಾನೂನಿನ ಬಾಗಿಲು ತೆರೆದಿದ್ದರೂ ಒಳಗೆ ಹೋಗುವುದು ಸುಲಭವಲ್ಲ. ತಾಲ್ಲೂಕಿನ ಕೋರ್ಟಿನಲ್ಲಿ ವಕೀಲರೆಲ್ಲ ದಿನವೂ ಒಂದೇ ಕೋಣೆಯಲ್ಲಿ ಕುಳಿತು ಚಹಾ ಕುಡಿಯುವವರು. ನಾಳೆ ಎದುರಾಗುವ ಗೆಳೆಯನ ವಿರುದ್ಧ ಇಂದು ಸಾಕ್ಷಿಕಟ್ಟೆ ಹತ್ತಲು ಯಾರಿಗೆ ಮನಸ್ಸಾದೀತು? ಇದರಲ್ಲಿ ದುಷ್ಟತನವೇ ಇರಬೇಕೆಂದಿಲ್ಲ. ಶಾಲೆಯ ಮಾಸ್ತರರು ಮಾಸ್ತರರ ಮೇಲೆ, ವೈದ್ಯರು ವೈದ್ಯರ ಮೇಲೆ ಹೇಳಲು ಹಿಂಜರಿಯುವುದೂ ಹೀಗೆಯೇ. ವಕೀಲರ ಕಷ್ಟಗಳೂ ಇಲ್ಲದಿಲ್ಲ. ಕಾಗದ ತರುವುದಾಗಿ ಹೇಳಿ ಆರು ತಿಂಗಳು ಮುಖ ತೋರಿಸದ ಕಕ್ಷಿಗಾರರು ನಮ್ಮಲ್ಲಿದ್ದಾರೆ. ಅರ್ಧ ಸತ್ಯ ಹೇಳಿ ವಕೀಲರನ್ನೇ ಪೇಚಿಗೆ ಸಿಕ್ಕಿಸುವವರೂ ಇದ್ದಾರೆ.

ಆದರೂ ದಾರಿಗಳಿವೆ. ತಜ್ಞನು ಅದೇ ಊರಿನವನಾಗಬೇಕೆಂದು ಕಾನೂನು ಹೇಳಿಲ್ಲ. ಬೇರೆ ಜಿಲ್ಲೆಯ ಹಿರಿಯ ವಕೀಲರು, ನಿವೃತ್ತ ನ್ಯಾಯಾಧೀಶರು, ಕಾನೂನು ಕಾಲೇಜಿನ ಪ್ರಾಧ್ಯಾಪಕರು ಈ ಕೆಲಸವನ್ನು ಮಾಡಬಹುದು. ೨೦೦೮ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆರಂಭವಾದ ಮೇಲೆ ನಮ್ಮ ಜಿಲ್ಲೆಯವರಿಗೆ ಅನುಭವಿ ವಕೀಲರು ಬೆಂಗಳೂರಿಗಿಂತ ಹತ್ತಿರದಲ್ಲಿ ದೊರೆಯುತ್ತಾರೆ. ಹಣವಿಲ್ಲದವರಿಗೆ ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಿದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡಗಳವರು, ಕಡಿಮೆ ವರಮಾನದವರು ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಬೇರೊಬ್ಬ ವಕೀಲರ ನೆರವು ಉಚಿತವಾಗಿ ಸಿಗುತ್ತದೆ.

ಕಕ್ಷಿಗಾರನ ಕೈಯಲ್ಲಿರುವುದು

ಎಲ್ಲಕ್ಕಿಂತ ಹೆಚ್ಚಿನ ಮಾತೆಂದರೆ, ತಜ್ಞ ಬಂದರೂ ಅವನ ಮುಂದೆ ಇಡಲು ಕಾಗದ ಬೇಕು. ನಮ್ಮ ಜನ ಸೋಲುವುದು ಬಹುಪಾಲು ಇಲ್ಲಿಯೇ. ಫೀಜು ಕೊಟ್ಟಾಗ ರಸೀದಿ ಕೇಳುವುದು ಅವಮಾನವೆಂದು ತಿಳಿಯಬಾರದು. ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಓದಿಸಿ ಕೇಳಬೇಕು. ಖಾಲಿ ಕಾಗದಕ್ಕೆ ಎಂದೂ ಒತ್ತಬಾರದು. ದಾವೆಯ ಸಂಖ್ಯೆಯನ್ನೂ, ಪ್ರತಿ ದಾವೆಗೂ ಕೊಡುವ ೧೬ ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ, ಮುಂದಿನ ತಾರೀಖು ಯಾವುದೆಂದು ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಮೊಬೈಲಿನಲ್ಲಿ ನೋಡಿ ಹೇಳಬಲ್ಲ. ತೀರ್ಪಾದ ದಿನವೇ ಅಪೀಲಿನ ಕೊನೆಯ ದಿನವನ್ನು ಕೇಳಿ ಗೋಡೆಯ ಮೇಲಿನ ಪಂಚಾಂಗದಲ್ಲಿ ಗುರುತು ಹಾಕಬೇಕು.

ವಕೀಲರನ್ನು ಬದಲಿಸಬೇಕಾದರೆ ಅಂಜಬೇಕಾಗಿಲ್ಲ. ಫೀಜು ಬಾಕಿಯಿದೆಯೆಂದು ಕಕ್ಷಿಗಾರನ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ೨೦೦೦ದಲ್ಲಿ ಸಕ್ಸೇನಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗೆಯೇ ತಕ್ಕ ಕಾರಣವಿಲ್ಲದೆ, ಮುಂಚಿತವಾಗಿ ತಿಳಿಸದೆ ವಕೀಲರು ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಟ್ಟುಹೋಗಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ಇವೆಲ್ಲ ಗುಟ್ಟಿನ ವಿದ್ಯೆಗಳಲ್ಲ. ಅಚ್ಚಾದ ಪುಸ್ತಕಗಳಲ್ಲಿರುವ ಮಾತುಗಳು. ನಮ್ಮ ಓಣಿಗಳಿಗೆ ಬಂದು ತಲುಪಿಲ್ಲ, ಅಷ್ಟೇ.

ಒಳ್ಳೆಯ ವಕೀಲರಿಗೆ ಈ ಎಚ್ಚರದಿಂದ ಯಾವ ಹಾನಿಯೂ ಇಲ್ಲ. ತಮ್ಮ ಕೆಲಸವನ್ನು ಕಾಗದದಲ್ಲಿ ತೋರಿಸಬಲ್ಲವರಿಗೆ ರಸೀದಿಯೂ ಒಂದೇ, ಸಾಕ್ಷಿಯೂ ಒಂದೇ. ನಮ್ಮ ಸೀಮೆಯ ಹಿರಿಯ ವಕೀಲರು ವರ್ಷಕ್ಕೊಮ್ಮೆಯಾದರೂ ಕಾಲೇಜಿಗೆ ಬಂದು, ಒಂದು ದಾವೆಯಲ್ಲಿ ವಕೀಲರು ಮಾಡಲೇಬೇಕಾದ ಕೆಲಸಗಳು ಯಾವುವೆಂದು ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟರೆ ಎಷ್ಟೋ ಉಪಕಾರವಾದೀತು. ದೊಡ್ಡಪ್ಪನವರ ಪ್ರಶ್ನೆಗೆ ನಾನು ಈಗ ಇಷ್ಟನ್ನು ಹೇಳಬಲ್ಲೆ: ಕೆಲವು ತಪ್ಪುಗಳನ್ನು ಪಂಚಾಂಗವೇ ಹೇಳುತ್ತದೆ, ಕೆಲವನ್ನು ಕಸಬು ಬಲ್ಲ ಪ್ರಾಮಾಣಿಕನೊಬ್ಬ ಹೇಳಬೇಕು, ಎರಡನ್ನೂ ಕೇಳಿ ತೂಗಿ ನೋಡಲು ಕೋರ್ಟಿದೆ. ಆದರೆ ಇಂಥ ದಾವೆಗೂ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯುಂಟು. ಆದಕಾರಣ ಕೇಳುವವರು ಬೇಗ ಕೇಳಬೇಕು, ಓದಬಲ್ಲ ನಾವು ಅವರಿಗೆ ಬೇಗ ಓದಿ ಹೇಳಬೇಕು.